ನಾಲ್ಕು ಸಲ ಬಿಚ್ಚಿದ ಹೊಲಿಗೆ

ನರ್ಸಮ್ಮನ ಬಿಳಿ ಕೋಟು ಒಂದೇ ತಿಂಗಳಲ್ಲಿ ನಾಲ್ಕನೇ ಸಲ ಕೈಗೆ ಬಂದಾಗ ಮೆಣಸಿಗೆ ಮೈಯೆಲ್ಲ ಉರಿದುಹೋಯಿತು. ಆಳು ಗಿಡ್ಡ, ಖಾರ ಜಾಸ್ತಿ ಅಂತ ಚಿಕ್ಕಂದಿನಲ್ಲಿ ತವರಿನವರು ಇಟ್ಟ ಅಡ್ಡಹೆಸರು ಅದು. ಮದುವೆಯಾಗಿ ಎಂಟು ತಿಂಗಳಾದರೂ ಆ ಹೆಸರಿಗೆ ಅವಳು ಕುಂದು ತಂದಿರಲಿಲ್ಲ.

ಕೆಳಗೆ ಗಂಡನ ಟೈಲರ್ ಅಂಗಡಿ, ಮೇಲೆ ಮನೆ. ಅವನು ಹೊಲಿಯುತ್ತಾನೆ, ಇವಳು ಗುಂಡಿ, ಕಾಜಾ, ಹೆಮ್ಮಿಂಗ್ ನೋಡಿಕೊಳ್ಳುತ್ತಾಳೆ. ಹಾಗಾಗಿ ಬಟ್ಟೆಯ ಗುಟ್ಟನ್ನು ಇವಳಿಂದ ಮುಚ್ಚಿಡಲು ಆಗುವುದಿಲ್ಲ. ಕೋಟಿನ ಪಕ್ಕದ ಹೊಲಿಗೆ ಬಿಚ್ಚಿ ಬಿಗಿ ಮಾಡಿದ್ದಾನೆ, ಮತ್ತೆ ಬಿಚ್ಚಿ ಸಡಿಲ ಮಾಡಿದ್ದಾನೆ, ಮತ್ತೆ ಬಿಗಿ, ಮತ್ತೆ ಸಡಿಲ. ಕಣ್ಣಳತೆಯಲ್ಲೇ ಕತ್ತರಿ ಆಡಿಸುವ ಮನುಷ್ಯ ಒಂದು ಕೋಟಿನಲ್ಲಿ ನಾಲ್ಕು ಸಲ ತಪ್ಪುವುದೆಂದರೇನು? ಆ ನರ್ಸಿನ ಸೊಂಟ ವಾರಕ್ಕೊಮ್ಮೆ ಉಬ್ಬಿ ಇಳಿಯುತ್ತದೆಯೇ?

ಪ್ರತಿ ಶುಕ್ರವಾರ ಮಧ್ಯಾಹ್ನ ಆಸ್ಪತ್ರೆಯ ಡ್ಯೂಟಿ ಮುಗಿಸಿ ನರ್ಸಮ್ಮ ಬರುತ್ತಿದ್ದಳು. ಮೆಟ್ಟಿಲ ಮೇಲೆ ಕೂತರೆ ಪರದೆಯ ಸಂದಿಯಲ್ಲಿ ಇಬ್ಬರೂ ಕಾಣುತ್ತಿದ್ದರು. ಮಾತು ಕೇಳಿಸದು. ಹೆಂಡತಿ ಎದುರಿಗೆ ಬಂದರೆ ನೆಲ ನೋಡುವ ಗಂಡಸು ಅಲ್ಲಿ ಕಣ್ಣೆತ್ತಿ ನೋಡುತ್ತಿದ್ದ, ತಲೆಯಾಡಿಸುತ್ತಿದ್ದ. ಹೋದ ವಾರ ನಕ್ಕ ಕೂಡ. ಆ ನಗು ಮುರಿದ ಸೂಜಿಯ ಹಾಗೆ ಮೆಣಸಿನ ಎದೆಯಲ್ಲಿ ಉಳಿದುಬಿಟ್ಟಿತ್ತು. ತನಗೆ ಅಂಥದ್ದೊಂದು ನಗು ಸಿಕ್ಕಿದ್ದಿದ್ದರೆ ಎರಡು ತಿಂಗಳು ಅದರಲ್ಲೇ ಬದುಕುತ್ತಿದ್ದಳು.

ಏಕೆಂದರೆ ಎಂಟು ತಿಂಗಳಲ್ಲಿ ಅವನು ಅವಳ ಬೆರಳನ್ನೂ ಮುಟ್ಟಿರಲಿಲ್ಲ. ಕತ್ತರಿ ಕೊಡಬೇಕೆಂದರೂ ಮೇಜಿನ ಮೇಲಿಟ್ಟು ಸರಿಯುತ್ತಿದ್ದ. ತಡೆಯಲಾರದೆ ತವರಿನಲ್ಲಿ ಚಿಕ್ಕಮ್ಮನ ಹತ್ತಿರ ಅರ್ಧ ಬಾಯಿ ಬಿಟ್ಟಿದ್ದಳು. ಗಂಡ ಹತ್ತಿರ ಬರದಿದ್ದರೆ ಹೆಂಡತಿಯ ಮನಸ್ಸಿನಲ್ಲೇ ಹೊಲಸಿದೆ ಅಂತ ಅರ್ಥ, ಮರ್ಯಾದಸ್ಥ ಹೆಣ್ಣು ಅದನ್ನೆಲ್ಲ ಬಯಸುವುದೇ ಇಲ್ಲ, ಉಪವಾಸ ಮಾಡು ಅಂದರು ಚಿಕ್ಕಮ್ಮ. ಮಾಡಿದಳು. ಆಸೆ ಹೋಗಲಿಲ್ಲ, ತಲೆಸುತ್ತು ಬಂತು.

ಇವತ್ತು ಬಟ್ಟೆಬರೆ ಬ್ಯಾಗಿಗೆ ತುಂಬಿಟ್ಟಿದ್ದಳು. ನಿಜ ಗೊತ್ತಾಗಬೇಕು, ಇಲ್ಲವಾದರೆ ಸಂಜೆ ಬಸ್ಸಿಗೆ ತವರು. ನರ್ಸಿನ ದನಿ ಕೇಳಿದ್ದೇ ತಡ, ಕೋಟು ಹಿಡಿದು ದಡದಡನೆ ಇಳಿದು, ಈ ಕೋಟಿನದು ಏನು ಕಥೆ ಅಂತ ನೇರವಾಗಿ ಕೇಳಿಯೇಬಿಟ್ಟಳು.

ನರ್ಸಮ್ಮ ಗಾಬರಿಯಾಗಲಿಲ್ಲ. ಕೋಟು ಮೊದಲನೇ ದಿನವೇ ಸರಿಯಾಗಿತ್ತು, ಇನ್ನೊಂದು ಸಲ ತನ್ನಿ ಅನ್ನುತ್ತಿದ್ದವರು ಇವರೇ ಅಂದಳು. ಮೆಣಸಿನ ಕಣ್ಣು ಕತ್ತಲಿಟ್ಟಿತು. ನರ್ಸಮ್ಮ ಟೈಲರ್ ಕಡೆ ತಿರುಗಿದಳು.

"ಇನ್ನೂ ಇವರಿಗೆ ಹೇಳಿಲ್ವಾ? ನೀವು ಹೇಳೋವರೆಗೂ ನಾನು ಈ ಕಡೆ ಬರಲ್ಲ."

ಕೋಟು ತೆಗೆದುಕೊಂಡು ಹೊರಟೇಹೋದಳು. ಟೈಲರ್ ಹೊಲಿಗೆ ಮಿಷನ್ನಿನ ಚಕ್ರ ಹಿಡಿದುಕೊಂಡು ನಿಂತ. ಮಾತು ತುಂಡು ತುಂಡಾಗಿ ಬಂತು.

ಹದಿನಾರನೇ ವಯಸ್ಸಿನಲ್ಲಿ, ನಿದ್ದೆಯಲ್ಲಿ ಬಟ್ಟೆ ಒದ್ದೆಯಾಗುತ್ತದೆ ಅಂತ ಪ್ರಾರ್ಥನಾ ಮಂದಿರದ ಹಿರಿಯರ ಹತ್ತಿರ ಹೇಳಿಕೊಂಡಿದ್ದನಂತೆ. ಅದು ಪಾಪದ ಫಲ, ಮೈಯ ಸತ್ವವೇ ಸೋರಿಹೋಗುತ್ತಿದೆ, ಇಂಥವನು ಮುಟ್ಟಿದ ಹೆಂಡತಿಗೂ ರೋಗ ಅಂಟುತ್ತದೆ ಅಂದರಂತೆ ಅವರು. ಅವರು ಕೊಟ್ಟ ಪುಡಿಯನ್ನು ವರ್ಷಗಟ್ಟಲೆ ನುಂಗಿದ. ಮದುವೆಯಾದ ಮೇಲೂ ಒಂದು ವರ್ಷ ದೂರ ಇರು ಅಂದಿದ್ದರು, ಇದ್ದ. ಅಳತೆ ಕೊಡಲು ಬಂದ ನರ್ಸನ್ನು ಧೈರ್ಯ ಮಾಡಿ ಕೇಳಿದಾಗ, ಇದು ಆರೋಗ್ಯವಾಗಿರುವ ಗಂಡಸರಿಗೆ ಆಗುವುದೇ, ರೋಗವೇ ಅಲ್ಲ, ಬೇಕಾದರೆ ಡಾಕ್ಟರ ಹತ್ತಿರ ಬನ್ನಿ ಅಂದಳು. ಒಂದು ಸಲ ಕೇಳಿ ನಂಬಲಾಗಲಿಲ್ಲ. ಮತ್ತೆ ಕೇಳಬೇಕಲ್ಲ, ಅದಕ್ಕೇ ಹೊಲಿಗೆ ಕೆಡಿಸಿದ.

"ನಿನಗೇನಾದರೂ ಆಗಿಬಿಟ್ರೆ ಅಂತ ಹೆದರಿದ್ದೆ."

ಮೆಣಸಿಗೆ ಮೊದಲು ಅಳು ಬಂತು. ತಾನು ಹಸಿವು ಕಟ್ಟಿಕೊಂಡು ಕೂತ ದಿನಗಳನ್ನೆಲ್ಲ ಹೇಳಿದಳು, ತನ್ನ ಆಸೆಯೇ ಹೊಲಸು ಅಂದುಕೊಂಡಿದ್ದನ್ನೂ ಹೇಳಿದಳು. ಅವನು ಬೆಪ್ಪಾಗಿ ಕೇಳಿಸಿಕೊಂಡ. ಒಂದೇ ಸೂರಿನಡಿ ಇಬ್ಬರೂ ಬೇರೆ ಬೇರೆ ಹಿರಿಯರ ಮಾತು ಕೇಳಿ ಬೇರೆ ಬೇರೆಯಾಗಿ ಒಣಗಿದ್ದರು. ನಾಳೆ ಇಬ್ಬರೂ ಒಟ್ಟಿಗೆ ಡಾಕ್ಟರ ಹತ್ತಿರ ಹೋಗೋಣ ಅಂದ.

ಅಷ್ಟಾದರೂ ಅವಳ ಹೊಟ್ಟೆಯುರಿ ಆರಲಿಲ್ಲ. ಬೇರೆ ಹೆಣ್ಣನ್ನು ಇಷ್ಟಪಟ್ಟಿದ್ದರೆ ಜಗಳವಾಡಿ ಗೆಲ್ಲಬಹುದಿತ್ತು. ಇವನ ಭಯ, ನಾಚಿಕೆ, ಹೆಂಡತಿಯ ಪಾಲಿಗೆ ಬರಬೇಕಾದದ್ದನ್ನೆಲ್ಲ ಮೊದಲು ಇಸಿದುಕೊಂಡವಳು ಆ ನರ್ಸು.

"ಅವಳಿಗೆ ನಾಲ್ಕು ಸಲ ಹೇಳಿದ್ರಿ, ನನಗೆ ಒಂದು ಸಲಾನೂ ಇಲ್ಲ. ಅವಳಿಗೆ ಗೊತ್ತಿಲ್ಲದೇ ಇರೋದು ಏನಾದರೂ ಉಳಿದಿದ್ರೆ ಹೇಳಿ. ಇಲ್ಲ ಅಂದ್ರೆ ಬಸ್ಸಿಗೆ ಹೊತ್ತಾಯ್ತು."

ಟೈಲರ್ ಕಿವಿ ಕೆಂಪಾಯಿತು. ಎಂಟು ತಿಂಗಳಲ್ಲಿ ಮೊದಲ ಸಲ ನೆಲ ಬಿಟ್ಟು ಅವಳ ಮುಖ ನೋಡಿದ.

"ನಿನ್ನ ಹತ್ತಿರ ಬರಬೇಕು ಅಂತ ದಿನಾ ಅನ್ನಿಸ್ತಿತ್ತು. ಮದುವೆ ದಿನದಿಂದ, ಒಂದು ದಿನಾನೂ ಬಿಡದೆ. ಇದನ್ನ ಅವರಿಗೆ ಹೇಳಿಲ್ಲ. ಯಾರಿಗೂ ಹೇಳಿಲ್ಲ."

ಮೆಣಸು ಚಕ್ರದ ಮೇಲಿದ್ದ ಅವನ ಕೈಯನ್ನು ಬಿಡಿಸಿ ತನ್ನ ಕೆನ್ನೆಗೆ ಒತ್ತಿಕೊಂಡಳು.