ಅಮಾವಾಸ್ಯೆಯ ಹಸಿರು ಹರಳು

ಏಪ್ರಿಲ್ 29, 2025, ಮಂಗಳವಾರ. ಬೆಳಿಗ್ಗೆ 10.15ಕ್ಕೆ ಗುರುಸಿದ್ದವ್ವ ಗಡಹಿಂಗ್ಲಜ ಠಾಣೆಗೆ ಬಂದು ಗಂಡ ಕಾಣೆಯಾಗಿದ್ದಾನೆಂದು ದೂರು ಕೊಟ್ಟಳು. ಗಂಡ ಯಲಗೂರಪ್ಪ ಬಾವಿ ತೋಡುವವನು. ಭಾನುವಾರ ಬೆಳಿಗ್ಗೆ ಮನೆ ಬಿಟ್ಟವನು ತಿರುಗಿ ಬಂದಿರಲಿಲ್ಲ.

"ಕುಡದು ಎಲ್ಲೆರೆ ಬಿದ್ದಿರಬೇಕು, ಬರ್ತಾನ ಬಿಡವ್ವ," ಎಂದ ಹವಾಲ್ದಾರ ಹಣಮಂತ.

"ಕುಡಿಯೂದಿಲ್ರಿ ಅವ್ರು. ಜೀವಂತ ಅದಾರೊ ಇಲ್ಲೊ, ಅಷ್ಟ ಹೇಳ್ರಿ ಸಾಕು."

ಇನ್‌ಸ್ಪೆಕ್ಟರ್ ಪ್ರಿಯದರ್ಶನಿ ಮಗದುಮ್ ಹಣಮಂತನನ್ನು ಒಮ್ಮೆ ನೋಡಿದಳು. ಅವನು ಬಾಯಿ ಮುಚ್ಚಿಕೊಂಡು ಬರೆಯತೊಡಗಿದ.

ಯಲಗೂರಪ್ಪ ತೋಡುತ್ತಿದ್ದುದು ಊರಾಚೆ ಧೋಂಡಿಬಾ ಎಂಬ ರೈತನ ಬಾವಿ. ಅದರ ಒಂದು ಮಗ್ಗಲು ಕುಸಿದು ತಳ ಮುಚ್ಚಿತ್ತು.

"ಯಾವಾಗ ಕುಸೀತಿದು?" ಪ್ರಿಯದರ್ಶನಿ ಕೇಳಿದಳು.

"ಸೋಮವಾರ ಮುಂಜಾನಿ ನೋಡಿದ್ವಿರಿ. ಭಾನುವಾರ ಅಮಾಸಿ. ಅವತ್ತ ಯಾರೂ ಬಾವ್ಯಾಗ ಇಳಿಯೂದಿಲ್ಲ. ದೇವರು ದೊಡ್ಡಾಂವ, ಯಾರಿಗೂ ಏನೂ ಆಗಿಲ್ಲ," ಎಂದ ಧೋಂಡಿಬಾ.

ಅಮಾವಾಸ್ಯೆಯಂದು ಬಾವಿ ಕೆಲಸ ಬಂದ್. ಹಾಗಾಗಿ ಆ ಮಣ್ಣಿನಡಿ ಮನುಷ್ಯನಿರಬಹುದೆಂದು ಯಾರಿಗೂ ಹೊಳೆದಿರಲಿಲ್ಲ. ನಿಜ ಹೇಳಬೇಕೆಂದರೆ ಪ್ರಿಯದರ್ಶನಿಗೂ ಹೊಳೆಯಲಿಲ್ಲ.

ಮಧ್ಯಾಹ್ನ ಮೊಬೈಲ್ ಕರೆಗಳ ಪಟ್ಟಿ ಬಂತು. ಯಲಗೂರಪ್ಪ ಕೊನೆಯ ಸಲ, ಶನಿವಾರ ಸಂಜೆ, ಮಾತಾಡಿದ್ದು ಇಚಲಕರಂಜಿಯ ನೂಲಿನ ವ್ಯಾಪಾರಿ ಆಬಾಸಾಹೇಬರ ಜೊತೆ.

ಪ್ರಿಯದರ್ಶನಿ ಹೋದಾಗ ಅವರ ಮನೆಯ ಗಾಜಿನ ಕಪಾಟುಗಳಲ್ಲಿ, ದೀಪದಡಿ, ಹರಳುಗಲ್ಲುಗಳಿದ್ದವು: ಬಿಳಿ, ಗುಲಾಬಿ, ನೀಲಿ. ಈ ಸೀಮೆಯ ಕರಿಕಲ್ಲು ಒಡೆದರೆ ಒಳಗಿನ ಪೊಟರೆಗಳಲ್ಲಿ ಇಂಥವು ಸಿಗುತ್ತವೆ.

"ಶನಿವಾರ ಯಲಗೂರಪ್ಪ ಏನಂದನ್ರಿ?"

"ಕಲ್ಲ ಕಂಡೈತಿ ಅಂದ. ನನಗ ಬರಾಕ ಆಗೂದಿಲ್ಲ ಅಂದೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ಆಬಾಸಾಹೇಬರು ಅದನ್ನೂ ಮಾಡಲಿಲ್ಲ. ಬಂದವರಿಗೆಲ್ಲ ತೋರಿಸುವ ಚಪಲ ಬೇರೆ, ತಾವೇ ಕಪಾಟು ತೆರೆದರು. ನಡುವಿನ ಅರೆಯಲ್ಲಿ ತೆಂಗಿನಕಾಯಿ ಗಾತ್ರದ ಹಸಿರು ಹರಳಿನ ಗೊಂಚಲು. ಪ್ರತಿ ಕಲ್ಲಿಗೂ ಇದ್ದಂತೆ ಅದಕ್ಕೂ ಒಂದು ಚೀಟಿ: "ಧೋಂಡಿಬಾನ ಬಾವಿ, ಗಡಹಿಂಗ್ಲಜ. 45 ಅಡಿ. 27-4-2025."

ಪ್ರಿಯದರ್ಶನಿ ತಾರೀಖಿನ ಮೇಲೆ ಬೆರಳಿಟ್ಟಳು.

"ಇಪ್ಪತ್ತೇಳು ಅಮಾಸಿ. ಅವತ್ತ ಬಾವಿಗಿ ಯಾರೂ ಇಳದಿಲ್ಲ ಅಂತಾರ."

ಆಬಾಸಾಹೇಬರು ಚೀಟಿಯ ಮೂಲೆ ಸರಿಮಾಡಿದರು.

"ಬ್ಯಾರೆ ತಾರೀಖು ಬರೀಬಹುದಿತ್ತಲ್ರಿ?"

"ಸುಳ್ಳ ಚೀಟಿ ಹಚ್ಚಿದ್ರ ಕಲ್ಲ ಕೆಡತೈತ್ರಿ," ಎಂದರು. ಆ ಪ್ರಶ್ನೆಯಿಂದ ನೊಂದಿದ್ದರು.

ಅವರನ್ನು ಠಾಣೆಗೆ ಕರೆತಂದಳು. ಬಾವಿಯ ಮಣ್ಣು ತೆಗೆಯುವ ಕೆಲಸ ಅಂದೇ ಶುರುವಾಯಿತು. ಏಪ್ರಿಲ್ 30ರ ಬೆಳಿಗ್ಗೆ 7.40ಕ್ಕೆ ಯಲಗೂರಪ್ಪನ ಶವ ಸಿಕ್ಕಿತು. ಇಬ್ಬರು ಪಂಚರ ಮುಂದೆ ಪಂಚನಾಮೆ ಮುಗಿಯಿತು, ಎಫ್‌ಐಆರ್ ದಾಖಲಾಯಿತು. ಹತ್ತು ಗಂಟೆಗೆ ವಿಚಾರಣೆ.

"ಅಮಾಸಿ ದಿನ ಯಾಕ ಇಳಿಸಿದ್ರಿ?"

"ಮಂದಿ ಇದ್ರ ಬಡದು ತುಂಡ ಮಾಡ್ತಾರ. ನನಗ ಇಡೀ ಕಲ್ಲ ಬೇಕಾಗಿತ್ತು. ಬಾವಿ ಮಣ್ಣ ಎತ್ತೂ ಕ್ರೇನು ನಾನ ನಡಸಿದೆ. ಅಂವ ಬುಟ್ಟ್ಯಾಗ ಕಲ್ಲ ಇಟ್ಟ. ಮಣ್ಣ ಉದರಾಕತ್ತೈತಿ, ನಾನೂ ಹತ್ತತೇನಿ ಅಂದ."

"ಹತ್ತಿಸ್ಕೊಳ್ಳಲಿಲ್ಲ?"

"ಅಂವ ಹತ್ತಿದ್ರ ಬುಟ್ಟಿ ತೂಗ್ಯಾಡಿ ಕಲ್ಲಿಗಿ ಬಡೀತಿತ್ತು. ಒಂದ ಮೂಲಿ ಹಾರತಿತ್ತು. ಮೊದಲ ಹರಳ ತಗೊಂಡೆ. ಅಷ್ಟರಾಗ ಮಗ್ಗಲ ಬಿತ್ತು."

"ಆಮ್ಯಾಲ ಅವನ ದನಿ ಕೇಳಸ್ತಿತ್ತೇನು?"

"ಭಾಳ ಹೊತ್ತ ಕೇಳಸ್ತಿತ್ರಿ. ಮಂದೀನ ಕರದ್ರ ಕಲ್ಲ ನನ್ನ ಕಡೆ ಉಳೀತಿದ್ದಿಲ್ಲ."

ಹಣಮಂತನ ಪೆನ್ನು ನಿಂತಿತು. ಬರೆ, ಎಂದು ಪ್ರಿಯದರ್ಶನಿ ಕೈಸನ್ನೆ ಮಾಡಿದಳು. 11.30ಕ್ಕೆ ಬಂಧನ. ಮೂವತ್ತು ವರ್ಷ ಬೇರೆಯವರು ತೆಗೆದ ಕಲ್ಲುಗಳನ್ನೇ ಕೊಂಡ ಮನುಷ್ಯನಿಗೆ, ಒಂದಾದರೂ ತನ್ನ ಕಣ್ಣೆದುರು ಊನವಿಲ್ಲದೆ ಭೂಮಿಯಿಂದ ಬರಬೇಕೆಂಬ ಆಸೆಯಿತ್ತು. ಹೇಳಿಕೆಯಲ್ಲಿ ಅದು ಎರಡೇ ಸಾಲು.

ಹೊರಗೆ ಬೆಂಚಿನ ಮೇಲೆ ಗುರುಸಿದ್ದವ್ವ ಕೂತಿದ್ದಳು. ಅಳು ಮುಗಿದಿತ್ತು.

"ಬಾಯಾರ, ಒದ್ದಾಡದ ಲಗೂನ ಜೀವ ಹೋತೇನ್ರಿ ಅವ್ರದು?"

ಪ್ರಿಯದರ್ಶನಿ ಅವಳ ಪಕ್ಕ ಕೂತಳು.

"ಹೌದವ್ವ," ಎಂದಳು. "ಲಗೂನ ಹೋತು."