ಅಪ್ಪನಿಗೆ ಹುಷಾರಿಲ್ಲ

"ಕೀ ಕೊಡಿ ಸಾರ್... ನಮ್ಮಪ್ಪನಿಗೆ ಹುಷಾರಿಲ್ಲ. ಆಸ್ಪತ್ರೇಲಿದ್ದಾರೆ."

ದಿವ್ಯ ಇಷ್ಟು ಹೇಳಿ ಕಣ್ಣಲ್ಲಿ ನೀರನ್ನೂ ತಂದುಕೊಂಡಳು. ಅದು ಹಸೀ ಸುಳ್ಳು. ಅವಳ ಅಪ್ಪ ವೆಂಕಟರಾಯಪ್ಪ ಆ ಹೊತ್ತಿಗೆ ಜಡಿಗೇನಹಳ್ಳಿಯ ತೋಟದಲ್ಲಿ ಎಲೆಕೋಸಿಗೆ ನೀರು ಹಾಯಿಸುತ್ತಾ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿದ್ದರು. ಇವಳು ಹೊಸಕೋಟೆಯ ಕನ್ನಡಕದ ಅಂಗಡಿಗೆ ಕೆಲಸಕ್ಕೆ ಹೊರಟವಳು. ಅಮ್ಮ ಮುಡಿಸಿದ ಕನಕಾಂಬರ ಹಾಳಾಗುತ್ತದೆಂದು ಹೆಲ್ಮೆಟ್ ಹಾಕಿರಲಿಲ್ಲ, ಅಷ್ಟೇ ವಿಷಯ.

ಸ್ಕೂಟರಿನ ಕೀ ಕಿತ್ತುಕೊಂಡಿದ್ದ ಕಾನ್‌ಸ್ಟೇಬಲ್ ಹೆಸರು ಬೈರೇಶ್. ಗಾಡಿ ನಿಲ್ಲಿಸಿದ ಕೂಡಲೇ ಕೀ ಕೀಳುವುದು ಆ ತಪಾಸಣೆ ಜಾಗದ ರೂಢಿ. ಹಾಗೆ ಮಾಡಬೇಡಿ ಎಂದು ಮೇಲಿನವರು ಹೇಳುತ್ತಲೇ ಇದ್ದರು, ಇವರು ಕೀಳುತ್ತಲೇ ಇದ್ದರು.

ಅವನು ಅವಳ ಒದ್ದೆ ಕಣ್ಣು ನೋಡಿದ. ಮರುಮಾತಿಲ್ಲದೆ ಕೀ ವಾಪಸ್ ಕೊಟ್ಟು, ಬೇಗ ಹೋಗಿ, ಹುಷಾರಾಗಿ ಹೋಗಿ ಎಂದ.

ಆ ದನಿಯಲ್ಲಿದ್ದ ಕಾಳಜಿಗೆ ದಿವ್ಯಳ ಎದೆ ಚುರ್ ಎಂದಿತು. ಪಾಪ, ಎಷ್ಟು ಸುಲಭವಾಗಿ ನಂಬಿಬಿಟ್ಟ...

ಮರುವಾರ ಅದೇ ಜಾಗದಲ್ಲಿ ಮತ್ತೆ ಸಿಕ್ಕಿಬಿದ್ದಳು. ಗಾಬರಿಯಲ್ಲಿ ಬಾಯಿಗೆ ಬಂದದ್ದೂ ಅದೇ ಸುಳ್ಳು.

"ಹೋದ ವಾರದ ಅಪ್ಪನೇನಾ, ಇಲ್ಲಾ ಬೇರೆಯವ್ರಾ?" ಎಂದ ಬೈರೇಶ್, ಮುಖವನ್ನು ಗಂಭೀರವಾಗಿಟ್ಟುಕೊಂಡು.

ದಿವ್ಯ ಫಕ್ಕನೆ ನಕ್ಕುಬಿಟ್ಟಳು. ಅವನೂ ನಕ್ಕ.

ಅಂದಿನಿಂದ ಅದು ಇಬ್ಬರ ಆಟವಾಯಿತು. ಅವನು ಕೀ ಕಿತ್ತುಕೊಳ್ಳುತ್ತಿದ್ದ, ಅವಳು ಅಪ್ಪನಿಗೆ ಹುಷಾರಿಲ್ಲ ಎನ್ನುತ್ತಿದ್ದಳು. ಒಂದು ದಿನ ಜ್ವರ, ಇನ್ನೊಂದು ದಿನ ಮಂಡಿನೋವು, ಮತ್ತೊಂದು ದಿನ ಎದೆನೋವು. ರಸ್ತೆ ಬದಿಯಲ್ಲಿ ನಾಲ್ಕು ಮಾತಾಡಲು ಅಷ್ಟು ನೆಪ ಸಾಕಾಗಿತ್ತು. ಏಳು ತಿಂಗಳಾಗುವಷ್ಟರಲ್ಲಿ ಅವನ ಮುಖ ಕಾಣದ ದಿನ ಅವಳಿಗೆ ಊಟ ಸೇರುತ್ತಿರಲಿಲ್ಲ. ಯುಗಾದಿ ಕಳೆಯಲಿ, ಮನೆಗೇ ಬಂದು ನಿಮ್ಮಪ್ಪನನ್ನು ಕೇಳುತ್ತೇನೆ ಎಂದು ಅವನು ಮಾತು ಕೊಟ್ಟಿದ್ದ. ಮನೆಯಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ.

ಯುಗಾದಿಗೆ ಇನ್ನೂ ಹತ್ತು ದಿನವಿತ್ತು. ಆ ಮಂಗಳವಾರ ಬೆಳಿಗ್ಗೆ ವೆಂಕಟರಾಯಪ್ಪ ಎದೆ ಹಿಡಿದುಕೊಂಡು ಕೋಸಿನ ಸಾಲಿನಲ್ಲೇ ಕುಸಿದರು.

ಆಂಬುಲೆನ್ಸ್ ಬರುವವರೆಗೆ ಕಾಯುವ ಧೈರ್ಯ ಯಾರಿಗೂ ಇರಲಿಲ್ಲ. ಪಕ್ಕದ ತೋಟದ ಮುನಿವೆಂಕಟಪ್ಪ ತರಕಾರಿ ಸಾಗಿಸುವ ತಮ್ಮ ಲಗೇಜ್ ಆಟೋ ತಂದರು. ವೆಂಕಟರಾಯಪ್ಪನವರನ್ನು ಹೆಂಡತಿ ಲಕ್ಷ್ಮೀದೇವಮ್ಮನ ತೊಡೆಯ ಮೇಲೆ ತಲೆಯಿಟ್ಟು ಹಿಂದೆ ಮಲಗಿಸಿದರು. ದಾರಿ ಬಿಡಿಸಲು ದಿವ್ಯ ಸ್ಕೂಟರಿನಲ್ಲಿ ಮುಂದೆ ಹೋದಳು.

ಬೈರೇಶ್ ಇರ್ತಾನೆ... ಅವನಿದ್ರೆ ಗಾಡಿ ಒಂದು ಕ್ಷಣಾನೂ ನಿಲ್ಲಲ್ಲ... ದಾರಿಯುದ್ದಕ್ಕೂ ಅವಳ ಮನಸ್ಸಿನಲ್ಲಿ ಅದೊಂದೇ.

ಅವನಿದ್ದ. ನಗುತ್ತಾ ಬಂದು ಕೀ ಕಿತ್ತುಕೊಂಡ.

"ಅಪ್ಪನಿಗೆ ಎದೆನೋವು... ಹಿಂದೆ ಲಗೇಜ್ ಆಟೋದಲ್ಲಿ ಬರ್ತಿದ್ದಾರೆ. ಬಿಡ್ಸಿ ಬೈರೇಶ್."

"ಇವತ್ತು ಯಾವ ಆಸ್ಪತ್ರೆ?" ಎಂದ ಅವನು.

ಅವಳು ಅವನ ತೋಳು ಹಿಡಿದು ಜಗ್ಗಿದಳು. ಇವತ್ತು ಎಷ್ಟು ಚೆನ್ನಾಗಿ ಮಾಡ್ತಿದ್ದಾಳೆ ಎಂದುಕೊಂಡ ಆ ಪುಣ್ಯಾತ್ಮ. ಕೀಯನ್ನು ಜೇಬಿಗೆ ಹಾಕಿಕೊಂಡು ಇನ್ನೊಂದು ಗಾಡಿಯ ಕಡೆ ನಡೆದೂಬಿಟ್ಟ. ಅವಳನ್ನು ಇನ್ನೂ ಸ್ವಲ್ಪ ಹೊತ್ತು ನಿಲ್ಲಿಸಿಕೊಳ್ಳುವ ಆಸೆ ಅವನಿಗೆ. ಅವಳ ಮುಡಿಯಲ್ಲಿ ಹೂವಿಲ್ಲ, ಕಾಲಲ್ಲಿ ಚಪ್ಪಲಿಯೂ ಇಲ್ಲ ಎಂಬುದು ಕಣ್ಣಿಗೆ ಬಿದ್ದದ್ದು ಎಷ್ಟೋ ಹೊತ್ತಾದ ಮೇಲೆ ತಿರುಗಿ ನೋಡಿದಾಗ.

ಅಷ್ಟರಲ್ಲಿ ಅಲ್ಲಿದ್ದ ಸಬ್‌ಇನ್‌ಸ್ಪೆಕ್ಟರ್ ಲಗೇಜ್ ಆಟೋ ತಡೆದು ಅದರ ಕೀಯನ್ನೂ ಕಿತ್ತಾಗಿತ್ತು. ಲಗೇಜ್ ಗಾಡಿಯಲ್ಲಿ ಜನರನ್ನು ಹಾಕಿಕೊಂಡು ಹೋಗುವ ಹಾಗಿಲ್ಲ ಎಂದು ಅವರ ವಾದ. ಲಕ್ಷ್ಮೀದೇವಮ್ಮ ಕೈಮುಗಿದು ಬೇಡಿಕೊಂಡರು. ಇಲ್ಲಿ ದಿನಾ ಹತ್ತು ಜನಕ್ಕೆ ಎದೆನೋವು ಬರುತ್ತೆ, ಮೊದಲು ಗಾಡಿಯ ಕಾಗದ ತೋರಿಸಿ ಎಂದರು ಆತ. ಬೈರೇಶ್ ಓಡಿಬಂದು ತನ್ನ ಸಾಹೇಬರ ಕೈಯಿಂದಲೇ ಕೀ ಕಸಿದು ಮುನಿವೆಂಕಟಪ್ಪನವರಿಗೆ ಕೊಟ್ಟ. ದಿವ್ಯ ಸ್ಕೂಟರನ್ನು ಅಲ್ಲೇ ಬಿಟ್ಟು ಆಟೋ ಹತ್ತಿದಳು. ಅಷ್ಟರಲ್ಲಿ ಒಂಬತ್ತು ನಿಮಿಷ ಹೋಗಿಯಾಗಿತ್ತು.

ಆಸ್ಪತ್ರೆಯ ಬಾಗಿಲವರೆಗೂ ವೆಂಕಟರಾಯಪ್ಪ ಉಸಿರಾಡುತ್ತಿದ್ದರು. ಒಳಗೆ ಸಾಗಿಸುವಾಗ ಉಸಿರು ನಿಂತಿತು.

ಒಂಬತ್ತು ನಿಮಿಷ ಮುಂಚೆ ಬಂದಿದ್ದರೆ ಉಳೀತಿದ್ರಾ ಎಂದು ದಿವ್ಯ ಡಾಕ್ಟರನ್ನು ಕೇಳಿದಳು. ಹೇಳೋಕಾಗಲ್ಲಮ್ಮ ಎಂದರು ಅವರು. ಹೌದು ಎಂದಿದ್ದರೂ, ಇಲ್ಲ ಎಂದಿದ್ದರೂ ಅವಳು ಹೇಗೋ ತಡೆದುಕೊಳ್ಳುತ್ತಿದ್ದಳು.

ಆಸ್ಪತ್ರೆಗೆ ಬಂದ ಬೈರೇಶನನ್ನು ಅವಳು ಹತ್ತಿರಕ್ಕೂ ಸೇರಿಸಲಿಲ್ಲ.

"ನಮ್ಮಪ್ಪ ಸಾಯ್ತಾ ಇದ್ರೆ ನೀವು ನಗ್ತಾ ಇದ್ರಿ. ಇನ್ಮೇಲೆ ನಿಮ್ಮ ಮುಖ ತೋರಿಸ್ಬೇಡಿ."

ಅವನು ತಲೆ ತಗ್ಗಿಸಿ ಹೊರಟುಹೋದ. ಒಂದು ಮಾತೂ ಆಡಲಿಲ್ಲ. ಕಲ್ಲು ಮನಸ್ಸಿನವನು ಎಂದುಕೊಂಡಳು ಅವಳು.

ಊರವರು ರಸ್ತೆ ತಡೆದರು. ವಿಚಾರಣೆ ಶುರುವಾಯಿತು. ಲಕ್ಷ್ಮೀದೇವಮ್ಮ ಬೆಳಗಾದರೆ ಪೊಲೀಸರಿಗೆ ಹಿಡಿಶಾಪ ಹಾಕುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ದಿವ್ಯ ತಟ್ಟೆ ಸರಿಸಿ ಎದ್ದುಬಿಡುತ್ತಿದ್ದಳು. ಎದೆನೋವು ಅಂತ ಮೊದಲು ಹೇಳಿದ್ದು ಯಾರು? ನಗುನಗುತ್ತಾ ಅಪ್ಪನಿಗೆ ಕಾಯಿಲೆ ಬರಿಸಿದ್ದು ಯಾರು? ನಾನೇ ಅಲ್ವಾ... ಇದನ್ನು ಅವಳು ಯಾರ ಮುಂದೆ ಹೇಳಿಯಾಳು?

ಮೂರು ತಿಂಗಳ ಮೇಲೆ ಹೇಳಿಕೆ ಕೊಡಲು ಕರೆ ಬಂತು. ವಿಚಾರಣೆ ನಡೆಸುತ್ತಿದ್ದ ಅಧಿಕಾರಿ ಒಬ್ಬ ಹೆಂಗಸು. ಬೈರೇಶ್ ಬರೆದುಕೊಟ್ಟದ್ದನ್ನು ಅವರು ಓದಿ ಹೇಳಿದರು. ಆ ಯುವತಿ ನನಗೆ ಪರಿಚಯವಿಲ್ಲ, ಅವರು ಬೇಡಿಕೊಂಡರೂ ನಾನು ನಂಬಲಿಲ್ಲ, ತಪ್ಪು ಪೂರ್ತಿ ನನ್ನದು... ಅಷ್ಟೇ ಇತ್ತು ಅದರಲ್ಲಿ. ಸಬ್‌ಇನ್‌ಸ್ಪೆಕ್ಟರ್ ಕೂಡ ಎಲ್ಲವನ್ನೂ ಅವನ ತಲೆಗೇ ಕಟ್ಟಿದ್ದರು. ಇವಳೂ ಹೌದೆಂದು ಸಹಿ ಮಾಡಿದರೆ ಅವನ ಕೆಲಸ ಹೋಗುವುದು ಖಂಡಿತ.

ಪರಿಚಯವಿಲ್ಲವಂತೆ... ನನ್ನ ಹೆಸರು ಊರ ಬಾಯಿಗೆ ಬೀಳಬಾರದು ಅಂತ ಬರೆದಿದ್ದಾನೆ. ಅವತ್ತು ಆಸ್ಪತ್ರೆಯಲ್ಲಿ 'ನೀನೇ ಅಲ್ವಾ ದಿನಾ ಹೇಳ್ತಿದ್ದಿದ್ದು' ಅಂತ ಒಂದು ಮಾತು ಅವನು ಅನ್ನಬಹುದಿತ್ತು. ಅನ್ನಲಿಲ್ಲ. ದಿವ್ಯಳ ಮೂರು ತಿಂಗಳ ಕೋಪ ಒಂದೇ ಸಲ ಕರಗಿ ಕಣ್ಣಲ್ಲಿ ಇಳಿಯಿತು.

"ಮೇಡಂ, ಅವ್ರು ನಂಗೆ ಪರಿಚಯ. ಅಪ್ಪ ಹೋಗೋಕೆ ಏಳು ತಿಂಗಳು ಮುಂಚಿಂದ. ಮದುವೆ ಆಗ್ಬೇಕು ಅಂದ್ಕೊಂಡಿದ್ವಿ. ಅಪ್ಪನಿಗೆ ಹುಷಾರಿಲ್ಲ ಅಂತ ಅವ್ರಿಗೆ ಲೆಕ್ಕ ಇಲ್ದಷ್ಟು ಸಲ ಸುಳ್ಳು ಹೇಳಿದ್ದೀನಿ. ನಿಜ ಹೇಳಿದ್ದು ಒಂದೇ ಸಲ."

ಆಮೇಲೆ ಎಲ್ಲವನ್ನೂ ಹೇಳಿದಳು. ಕೀ ಜೇಬಿಗೆ ಹಾಕಿಕೊಂಡದ್ದು ಅವನ ತಪ್ಪೇ ಎಂದಳು, ಅದನ್ನು ಮುಚ್ಚಿಡಲಿಲ್ಲ. ಆದರೆ ಮಲಗಿದ್ದ ಅಪ್ಪನನ್ನು ಕಣ್ಣಾರೆ ನೋಡಿಯೂ ಕಾಗದ ಕೇಳಿದವರು ಯಾರು, ಅವರ ಕೈಯಿಂದ ಕೀ ಕಿತ್ತು ಕೊಟ್ಟವನು ಯಾರು ಎನ್ನುವುದನ್ನೂ ಬರೆಸಿ, ಸಹಿ ಮಾಡಿದಳು.

ಹೊರಗೆ ಹೊಂಗೆ ಮರದ ಕೆಳಗೆ ಬೈರೇಶ್ ನಿಂತಿದ್ದ. ಅವನನ್ನೂ ಆ ದಿನ ಕರೆಸಿದ್ದರು. ಕೆನ್ನೆ ಇಳಿದುಹೋಗಿ ಗುರುತೇ ಸಿಗದ ಹಾಗಿದ್ದ. ಅವಳು ತಾನೇ ಹತ್ತಿರ ಹೋಗಿ, ಒಳಗೆ ಹೇಳಿದ್ದನ್ನೆಲ್ಲ ತಿಳಿಸಿದಳು.

"ಯಾಕ್ರೀ ಹೇಳಿದ್ರಿ? ನಾನೊಬ್ನೇ ಹೊತ್ಕೋತಿದ್ದೆ."

"ನೀವೊಬ್ರೇ ಹೊತ್ಕೊಂಡ್ರೆ ನನ್ನ ಪಾಲು ಕಮ್ಮಿ ಆಗುತ್ತಾ?"

ನನ್ನ ನೋಡಿದಾಗೆಲ್ಲ ನಿಮಗೆ ಅಪ್ಪ ನೆನಪಾಗ್ತಾರೆ ದಿವ್ಯಾ, ಎಂದ ಅವನು.

"ನೋಡ್ದೇ ಇದ್ರೂ ನೆನಪಾಗ್ತಾರೆ. ಮೂರು ತಿಂಗಳು ಒಬ್ಳೇ ಅತ್ತು ನೋಡ್ದೆ ಬೈರೇಶ್... ನನ್ ಕೈಲಾಗ್ತಿಲ್ಲ."

ಅವನ ಕಣ್ಣು ತುಂಬಿ ಹರಿಯಿತು. ಒರೆಸಿಕೊಳ್ಳಲೂ ಇಲ್ಲ.

"ಅಮ್ಮಂಗೆ ಇವತ್ತೇ ಹೇಳ್ಬೇಕು. ಬೇರೆಯವ್ರ ಬಾಯಿಂದ ಕೇಳ್ಬಾರ್ದು," ಎಂದಳು ಅವಳು.

"ನಾನೂ ಬರ್ತೀನಿ."

"ಅಮ್ಮ ಹೊಡೆದ್ರೂ ಹೊಡೀಬೋದು."

"ಹೊಡೀಲಿ."

"ನನ್ನನ್ನೂ ಹೊಡೀತಾರೆ," ಎಂದು ದಿವ್ಯ ಅವನ ಕೈ ಹಿಡಿದುಕೊಂಡಳು. "ಬನ್ನಿ, ಹೋಗೋಣ."