ಗುದ್ದುರಾಜನ ಸೊಂಟದಳತೆ

ಗುದ್ದುರಾಜ ಸ್ಟೇಜಿನ ಮೇಲೆ ನಿಂತು ಒಂದು ಸಲ ನಕ್ಕರೆ ಸಾಕು, ಹಾಲ್‌ನಲ್ಲಿ ನಲವತ್ತು ಹೆಂಗಸರು ಎಚ್ಚರ ತಪ್ಪಿ ಬೀಳುತ್ತಿದ್ದರು. ಎತ್ತಿ ಮಲಗಿಸಲು ಬೇರೆ ಆಳುಗಳನ್ನೇ ಇಟ್ಟಿದ್ದರು. ಸರಿ ಸರಿ, ಅರ್ಧ ಸುಳ್ಳು. ಬಿದ್ದದ್ದು ಒಬ್ಬಳು, ಅದೂ ಸೆಕೆಗೆ. ಆದರೆ ಹಾಲ್ ತುಂಬಿರುತ್ತಿದ್ದದ್ದು ಮಾತ್ರ ದೇವರಾಣೆ ನಿಜ.

ಮೊದಲು ಅವನು ಬಾಕ್ಸರ್. ಎದುರಾಳಿಯನ್ನು ಕೆಡವಿ, ಮೈಕ್ ಕಿತ್ತುಕೊಂಡು, ಬಿದ್ದವನಿಗೇ ಒಂದು ಜೋಗುಳ ಹಾಡುತ್ತಿದ್ದ. ಗುದ್ದು ನೋಡಲು ಬಂದ ಜನ ಹಾಡಿಗೆ ಮರುಳಾದರು. ಎಡಗಣ್ಣಿಗೆ ಪೆಟ್ಟಾಗಿ, ಇನ್ನೊಂದು ಏಟು ಬಿದ್ದರೆ ಕಣ್ಣೇ ಹೋಗುತ್ತದೆ ಎಂದು ಡಾಕ್ಟರು ಹೇಳಿದ ಮೇಲೆ ಗ್ಲೌಸ್ ಬಿಚ್ಚಿಟ್ಟು ಸ್ಟೇಜ್ ಹತ್ತಿದ. ಆಮೇಲೆ ಟೀವಿಯಲ್ಲಿ ಅವನೇ, ಗೋಡೆಯ ಮೇಲೆ ಅವನೇ.

ಅವನ ಮಿಂಚುವ ಕೋಟುಗಳನ್ನೆಲ್ಲ ಹೊಲಿದವಳು ಬಸ್ ಸ್ಟ್ಯಾಂಡಿನ ಹಿಂದೆ, ಎರಡನೇ ಮಹಡಿಯ ದರ್ಜಿ ಹೆಂಗಸು. ಒಂದು ಮೆಷಿನ್, ಒಂದು ಕನ್ನಡಿ, ಒಂದು ಅಳತೆಪುಸ್ತಕ; ಅಷ್ಟೇ ಅವಳ ಅಂಗಡಿ.

ಮೊದಲ ದಿನ ಅವಳು ಟೇಪ್ ಹಿಡಿದು, "ಉಸಿರು ಬಿಡಿ" ಎಂದಳು.

"ಬಿಟ್ರೆ ನೀನು ಹಾರಿ ಹೋಗ್ತೀಯ, ಟೈಲರಮ್ಮ."

"ಹಾರೋಳಲ್ಲ ನಾನು. ಬಿಡಿ."

ಬಿಟ್ಟ. ಬಿಡುತ್ತಾ ಬಗ್ಗಿ ಅವಳ ಕಣ್ಣನ್ನೇ ನೋಡಿದ. ಸೊಂಟ ಮೂವತ್ತೆರಡು ಎಂದು ಬರೆದುಕೊಂಡಳು. ಅವತ್ತಿಗೇ ಅವಳ ಕಥೆ ಮುಗಿಯಿತು.

ಹತ್ತೊಂಬತ್ತು ವರ್ಷ ಇದೇ ಪಾಡು. "ಟೈಲರಮ್ಮ, ನಿಂಗೊಂದು ಮಾತು ಹೇಳ್ಬೇಕು" ಎಂದು ಶುರು ಮಾಡುತ್ತಿದ್ದ. ಅವಳು ಮೆಷಿನ್ ನಿಲ್ಲಿಸಿ ಕಿವಿಗೊಡುತ್ತಿದ್ದಳು. "ಗುಂಡಿ ದೊಡ್ಡದಿರ್ಲಿ. ಹಿಂದಿನ ಸಾಲಿನವ್ರಿಗೂ ಕಾಣ್ಬೇಕು." ಕೈಯಲ್ಲಿದ್ದ ಕತ್ತರಿಯನ್ನು ಎಲ್ಲಿಗೆ ಎಸೆಯಲಿ ಎಂದು ಅವಳು ಹಲ್ಲು ಕಚ್ಚುತ್ತಿದ್ದಳು.

ಬರಬರುತ್ತಾ ಹಾಲ್ ಸಣ್ಣದಾಯಿತು, ಸೊಂಟ ದೊಡ್ಡದಾಯಿತು. ಟೀವಿಯವರು ಬೇಡ ಎಂದ ದಿನವೇ ಅವನು ಅಳತೆಗೆ ಬಂದ. ಟೇಪು ಮೂವತ್ತನಾಲ್ಕು ಎಂದಿತು. ಬಾಡಿದ ಮುಖ ನೋಡಿ ಅವಳು ಮೂವತ್ತೆರಡು ಎಂದಳು. ಆ ಮುಖ ಅರಳಿದ್ದೇ ಅರಳಿದ್ದು. ಅಲ್ಲಿಂದಾಚೆ ಪುಸ್ತಕದಲ್ಲಿ ಮೂವತ್ತೆರಡು, ಹೊಲಿಗೆಯಲ್ಲಿ ನಿಜ.

"ನಿನ್ನ ಕನ್ನಡಿ ಸರಿ ಇಲ್ಲ. ದಪ್ಪ ತೋರಿಸುತ್ತೆ."

"ಹಳೇದು" ಎನ್ನುತ್ತಿದ್ದಳು.

ಅಂಗಡಿ ಉದ್ಘಾಟನೆಗೂ ಅವನನ್ನು ಕರೆಯದ ಕಾಲ ಬಂತು. ಒಂದು ಮಧ್ಯಾಹ್ನ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದ. "ಕೆಂಪು ನಿಲುವಂಗಿ ಹೊಲಿ. ಮತ್ತೆ ರಿಂಗ್‌ಗೆ ಇಳೀತಿದ್ದೀನಿ."

"ಯಾರ ಮೇಲೆ?"

"ಈಗಿನ ಚಾಂಪಿಯನ್. ಇಪ್ಪತ್ಮೂರರ ಪೋರ."

"ನಿಮ್ಮ ಕಣ್ಣು?"

"ಏಟು ಬಿದ್ರೆ ತಾನೇ? ಇಷ್ಟು ವರ್ಷದಲ್ಲಿ ಸೊಂಟ ಒಂದಿಂಚು ಆಚೀಚೆ ಆಗಿಲ್ಲ. ಪೇಪರಿನವ್ರಿಗೆ ನಿನ್ನ ಪುಸ್ತಕಾನೇ ತೋರಿಸ್ತೀನಿ."

ಅವಳು ಪುಸ್ತಕದತ್ತ ನೋಡಿದಳು. ತಾನು ಪ್ರೀತಿಗೆ ಬರೆದ ಅಂಕಿ; ಅದನ್ನೇ ನಂಬಿ ಈ ಮನುಷ್ಯ ಕಣ್ಣು ಕಳೆದುಕೊಳ್ಳಲು ಹೊರಟಿದ್ದಾನೆ. ನಿಜ ಹೇಳಿದರೆ ಮತ್ತೆ ಈ ಮೆಟ್ಟಿಲು ಹತ್ತಲಾರ. ಹೇಳದಿದ್ದರೆ ಮೆಟ್ಟಿಲು ಕಾಣಲಾರ.

"ಕೈ ಎತ್ತು" ಎಂದಳು.

ಅವಳ ಬಾಯಲ್ಲಿ ಅವನಿಗೆ ಮೊದಲ ಏಕವಚನ. ಬೆಚ್ಚಿಬಿದ್ದು ಎತ್ತಿದ. ಟೇಪು ಸುತ್ತಿ, ಅಂಕಿಯ ಮೇಲೆ ಅವನ ಹೆಬ್ಬೆರಳನ್ನೇ ಒತ್ತಿಸಿದಳು. "ಓದು."

"ನಲವತ್ತೊಂದು. ಟೇಪು ತಪ್ಪಿದೆ."

"ಟೇಪೂ ಸರಿ ಇದೆ, ಕನ್ನಡೀನೂ ಸರಿ ಇದೆ. ಸುಳ್ಳು ಹೇಳಿದ್ದು ನಾನು. ಹನ್ನೊಂದು ವರ್ಷದಿಂದ."

"ಯಾಕೆ?"

"ನಿನ್ನ ಮುಖ ಬಾಡೋದು ನೋಡೋಕಾಗ್ದೆ. ಇನ್ನೂ ಬಿಡಿಸಿ ಹೇಳ್ಬೇಕೇನೋ, ದಡ್ಡ?"

ಆ ಕೊನೆಯ ಮಾತು ಆಗ ಅವನ ತಲೆಗೆ ಇಳಿಯಲೇ ಇಲ್ಲ. "ಊರೆಲ್ಲ ನನ್ನ ನೋಡಿ ನಗ್ತಿತ್ತು. ನೀನೂ ಸೇರ್ಕೊಂಡ್ಯಾ?" ಎಂದು ಟೇಪು ಕಿತ್ತೆಸೆದು ಇಳಿದುಹೋದ.

ಇಪ್ಪತ್ತಾರು ದಿನ ಅವನ ಸುಳಿವಿಲ್ಲ. ಅವಳು ಯಾರದೋ ಅಂಗಿಗೆ ಯಾರದೋ ತೋಳು ಸೇರಿಸಿದಳು, ಕೇಳಲು ಬಂದ ಗಿರಾಕಿಗೇ ಬೈದಳು. ಕೊನೆಗೆ ಎದುರುಗೋಡೆಯಲ್ಲಿ ಅವನ ಪಂದ್ಯದ ಪೋಸ್ಟರಿನ ಮೇಲೆ ಸೋಪಿನ ಪೋಸ್ಟರ್ ಅಂಟಿಸಿದರು. ಪಂದ್ಯ ಬೇಡವೆಂದು ಅವನೇ ಹೇಳಿದನಂತೆ. ಕಣ್ಣುಳಿಯಿತು ಎಂದು ಅತ್ತಳು. ಉಳಿದ ಕಣ್ಣಿಗೆ ನಾನು ಕಾಣಬೇಕಲ್ಲ ಎಂದು ಅದೇ ಉಸಿರಿನಲ್ಲಿ ಸಿಟ್ಟಾದಳು.

ಮರುದಿನ ಬೆಳಿಗ್ಗೆ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ. ನಡುವೆ ಎರಡು ಸಲ ನಿಂತು ದಣಿವಾರಿಸಿಕೊಂಡಿತು. ಬಾಗಿಲಲ್ಲಿ ಗುದ್ದುರಾಜ.

"ಒಂದು ಕೋಟು. ನಲವತ್ತೊಂದೇ ಬರ್ಕೋ."

"ಯಾವ ಶೋಗೆ?" ಅವಳು ತುಟಿಯ ನಡುವೆ ಪಿನ್ನು ಕಚ್ಚಿಕೊಂಡೇ ಕೇಳಿದಳು.

"ಶೋಗಲ್ಲ."

"ಮತ್ತೆ? ಯಾತಕ್ಕೆ ಅಂತ ಗೊತ್ತಿಲ್ದೆ ಬಟ್ಟೆ ಹೇಗೆ ಆರಿಸ್ಲಿ?"

ಎರಡು ಸಾವಿರ ಜನರ ಮುಂದೆ ನಾಲಿಗೆ ತಡವರಿಸದವನು ಫ್ಯಾನ್ ನೋಡುತ್ತಾ ನಿಂತ. ಅವಳಿಗೆ ರೇಗಿತು. "ಬಣ್ಣಾನಾದ್ರೂ ಹೇಳಿ ಸಾಯಿ."

"ಅವತ್ತು ನೀನು ಯಾವ ಬಣ್ಣ ಉಡ್ತೀಯೋ, ಅದಕ್ಕೆ ಹೊಂದೋದು" ಎಂದ, ಫ್ಯಾನಿಗೆ ಹೇಳಿದಂತೆ.

ಅವಳು ಪಿನ್ನುಗಳನ್ನು ತುಟಿಯಿಂದ ಒಂದೊಂದಾಗಿ ತೆಗೆದಳು. ಆರು ಪಿನ್ನು, ಯಾವುದಕ್ಕೂ ಅವಸರವಿಲ್ಲ. ಆರನೆಯದು ಬರುವಷ್ಟರಲ್ಲಿ ಹಳೇ ಬಾಕ್ಸರನ ಹಣೆಯಿಂದ ಬೆವರು ತೊಟ್ಟಿಕ್ಕುತ್ತಿತ್ತು. ಆಮೇಲೆ ಬಾಯಿ ತೆರೆದು ಒಂದೇ ಒಂದು ಮಾತು ಹೇಳಿದಳು.

ಹೂಂ ಎಂದಳು ಎನ್ನುತ್ತೀರಾ? ಹತ್ತೊಂಬತ್ತು ವರ್ಷ ಕಾಯಿಸಿದವನನ್ನು ಅಷ್ಟು ಸಲೀಸಾಗಿ ಬಿಟ್ಟಾಳೇ? ಯೋಚಿಸಿ ಹೇಳಿ ನೋಡೋಣ, ಏನಂದಳು?